ಗುಂಡು ನರಿಯೊಳಗೇ ಸಾಯಬೇಕು

ಅವರ ಬಲಗೈಯ ತೋರುಬೆರಳು ನಡುಗೆಣ್ಣಿಗೇ ಮುಗಿದುಹೋಗಿತ್ತು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದಾಗ ಲೇತ್ ಯಂತ್ರಕ್ಕೆ ಸಿಕ್ಕಿ ಹೋದ ಬೆರಳು ಅದು. ರೈಫಲ್ಲಿನ ಟ್ರಿಗರನ್ನು ನಡುಬೆರಳಿನಿಂದ ಎಳೆಯುತ್ತಿದ್ದರು. ಯಾರನ್ನಾದರೂ ಬೈಯುವಾಗ ಮಾತ್ರ ಆ ಮೊಂಡು ಬೆರಳು ಮುಂದೆ ಬರುತ್ತಿತ್ತು. ಎದುರಿಗಿದ್ದವನ ಎದೆಗೆ ಅದನ್ನು ಒತ್ತಿ ಹಿಡಿದು, ಮಾತು ಮುಗಿಯುವವರೆಗೆ ತೆಗೆಯುತ್ತಿರಲಿಲ್ಲ. ನನ್ನ ಎದೆಯ ಮೇಲೆ ಅದು ಎಷ್ಟು ಸಲ ಊರಿತ್ತೋ, ಲೆಕ್ಕವಿಲ್ಲ.

ಅವರು ನನ್ನ ಹೆಂಡತಿಯ ಸೋದರಮಾವ. ಎಪ್ಪತ್ತರ ದಶಕದ ಕೊನೆಯಲ್ಲಿ ಮೆಲ್ಬರ್ನಿಗೆ ಬಂದು, ಇಲ್ಲಿಯೂ ಬಹಳ ವರ್ಷ ರೈಲು ರಿಪೇರಿ ಮಾಡಿ, ನಿವೃತ್ತರಾದ ಮೇಲೆ ಪಶ್ಚಿಮದ ಒಂದು ಸಬರ್ಬಿನಲ್ಲಿದ್ದ ಬಂದೂಕಿನ ಅಂಗಡಿಯ ಕೌಂಟರಿನಲ್ಲಿ ನಿಂತಿದ್ದರು. ಮನೆ ಟಾರ್ನೀಟ್‌ನಲ್ಲಿ. ಆಗ ಅಲ್ಲಿ ಮನೆಗಳಿಗಿಂತ ಬಯಲೇ ಹೆಚ್ಚು. ಸುತ್ತಲಿನ ಕುರಿ ಫಾರ್ಮುಗಳಲ್ಲಿ ನರಿ, ಮೊಲ ಹೊಡೆದುಕೊಡಲು ಇಪ್ಪತ್ತು ವರ್ಷದಿಂದ ಜನ ಅವರನ್ನೇ ಕರೆಯುತ್ತಿದ್ದರು.

ನಮ್ಮಿಬ್ಬರ ವೈರಕ್ಕೆ ಕಾರಣ ನಾನೇ. ಮದುವೆಯಾದ ಹೊಸತರಲ್ಲಿ ಅವರ ಮನೆಗೆ ಊಟಕ್ಕೆ ಹೋಗಿದ್ದೆವು. ಏನು ಕೆಲಸ ಮಾಡುತ್ತೀರಿ ಎಂದು ಕೇಳಿ, ಉತ್ತರ ಬಂದ ಮೇಲೆ, "ಓ, ಅಂಗಡೀಲಿ ಸೇಲ್ಸಾ?" ಅಂದುಬಿಟ್ಟೆ. ಬೆಂಗಳೂರಿನ ಕೃಷಿ ಪದವಿ, ಇಲ್ಲಿನ ಮಾಸ್ಟರ್ಸು, ಕೈಗೆ ಹೊಸದಾಗಿ ಬಂದಿದ್ದ ಕಾಯಂ ವಾಸದ ಪಿಆರ್, ಎಲ್ಲ ಸೇರಿ ನನ್ನ ನಾಲಿಗೆ ಉದ್ದವಾಗಿತ್ತು. ಅವರು ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿ ನನ್ನನ್ನು ಒಮ್ಮೆ ನೋಡಿದರು. ಅಂದಿನಿಂದ ನಾನು ಅವರ ಬಾಯಲ್ಲಿ 'ಅಳಿಯದೇವ್ರು'. ಬೆನ್ನ ಹಿಂದೆ 'ಓದಿದ ಕತ್ತಿ', ಎಂದರೆ ಓದಿದ ಕತ್ತೆ.

ಎರಡು ಸಾವಿರದ ನಾಲ್ಕರಲ್ಲಿ ನನಗೆ ವಿಂಡಮ್ ವೇಲ್‌ನ ಆಚೆಗಿನ ಒಂದು ಕುರಿ ಫಾರ್ಮಿನಲ್ಲಿ ಮೇಲ್ವಿಚಾರಕನ ಕೆಲಸ ಸಿಕ್ಕಿತು. ಒಡತಿ ಎಪ್ಪತ್ತು ದಾಟಿದ ವಿಧವೆ. ಆ ನೆಲವೆಲ್ಲ ಕಪ್ಪು ಕಲ್ಲು. ಹಿಂದಿನವರು ಅದೇ ಕಲ್ಲುಗಳನ್ನು ಒಟ್ಟಿ ಎದೆಯೆತ್ತರದ ಗೋಡೆ ಕಟ್ಟಿ ಪ್ಯಾಡಕ್ಕು ಎಂಬ ಮೇವಿನ ಬಯಲುಗಳನ್ನು ಬೇರ್ಪಡಿಸಿದ್ದರು. ಆ ಚಳಿಗಾಲದಲ್ಲಿ ಕುರಿಗಳು ಈಯತೊಡಗಿದ್ದೇ ನರಿಗಳು ಬಂದವು. ಹುಟ್ಟಿದ ಗಳಿಗೆಯಲ್ಲೇ ಮರಿಯ ನಾಲಿಗೆ, ಬಾಲ ಕಿತ್ತುಕೊಂಡು ಹೋಗುತ್ತಿದ್ದವು. ಬೆಳಿಗ್ಗೆ ಹೋದರೆ ಮರಿಗಳು ಬದುಕಿಯೇ ಇರುತ್ತಿದ್ದವು, ಹಾಲು ಕುಡಿಯಲಾರದೆ. ನಾನು ತರಬೇತಿ ಮುಗಿಸಿ ಲೈಸೆನ್ಸು ತೆಗೆದುಕೊಂಡೆ. ಪುಸ್ತಕ, ಇಂಟರ್‌ನೆಟ್ಟು ಓದಿ, ಯಾವ ರೈಫಲ್ಲು ಬೇಕೆಂದು ನಿರ್ಧರಿಸಿಕೊಂಡೇ ಮಾವನ ಅಂಗಡಿಗೆ ಹೋದೆ.

"ಟೂ ಫಾರ್ಟಿ ತ್ರೀ ರೈಫಲ್ಲು ಕೊಡಿ. ನೂರು ಗ್ರೇನ್ ತೂಕದ ಗುಂಡು," ಅಂದೆ.

"ಬರ್ರಿ ಅಳಿಯದೇವ್ರು," ಅಂದರು. ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಗಿರಾಕಿಗಳಿದ್ದರು. "ಏನ್ ಹೊಡ್ಯಾಂವ ಅದೀ? ಆನೀನ?"

"ನರಿ."

"ನೂರು ಗ್ರೇನ್ ಜಿಂಕೀಗೆ ಹಾಕೋದು. ಎಷ್ಟ್ ದೂರದಿಂದ ಹೊಡೀತಿ?"

"ನೂರು, ನೂರೈವತ್ತು ಮೀಟರ್ ಇರಬಹುದು."

"ಇರಬಹುದು ಅಂದ್ರ? ಅಳದೀ ಏನು? ನರಿ ಹಿಂದ ಏನೈತಿ?"

"ಹಿಂದೆ ಏನಿರುತ್ತೆ? ಬಯಲು."

ಬೆರಳು ಕೌಂಟರ್ ದಾಟಿ ನನ್ನ ಎದೆಗೆ ಬಂತು. "ಬಯಲಲ್ಲ, ಕಲ್ಲು. ಆ ಹೊಲದಾಗ ನಾ ನಿನ್ನ ಮದುವೀಗಿಂತ ಮೊದ್ಲಿಂದ ಅಡ್ಡ್ಯಾಡೇನಿ. ನಿನಗ ಗೊತ್ತಿಲ್ಲ. ಗೊತ್ತಿಲ್ಲದಾಂವಗ ನಾ ಗುಂಡು ಮಾರಂಗಿಲ್ಲ. ಹೋಗು." ಆಮೇಲೆ ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವಂತೆ, "ನೆಕ್ಸ್ಟ್!" ಎಂದರು.

ಮನೆಗೆ ಬಂದು ಕೂಗಾಡಿದೆ. ಹೆಂಡತಿ, "ಮಾಮ ಇರೋದೇ ಹಾಗೆ ಕಣೋ, ಸೀರಿಯಸ್ ಆಗಿ ತಗೋಬೇಡ. ನಾಳೆ ಹೋಗಿ ಸಾರಿ ಕೇಳು, ಹೆಲ್ಪ್ ಮಾಡ್ತಾರೆ," ಎಂದಳು. ನಾನು ಸಾರಿ ಕೇಳಲಿಲ್ಲ. ನಗರದ ಇನ್ನೊಂದು ತುದಿಯ ಅಂಗಡಿಗೆ ಹೋದೆ. ಜಿಂಕೆಯ ಮಾತು ತಲೆಯಲ್ಲಿದ್ದುದರಿಂದ ಅಲ್ಲಿ ಟ್ರಿಪಲ್ ಟೂ ಎಂದು ಕರೆಯುವ, ನರಿಗೆಂದೇ ಇಲ್ಲಿಯವರು ಇಟ್ಟುಕೊಳ್ಳುವ ಸಣ್ಣ ತೋಟಾದ ರೈಫಲ್ಲು ಕೊಂಡೆ. ರೈಫಲ್ಲಿನ ಆಯ್ಕೆ ಸರಿಯಾಗಿಯೇ ಇತ್ತು. ಗುಂಡಿನದು ತಪ್ಪಿತು. ಪೂರ್ತಿ ತಾಮ್ರದ ಹೊದಿಕೆಯ, ಮೊನೆ ಮುಚ್ಚಿದ ಗುಂಡುಗಳನ್ನು ಆರಿಸಿದೆ. ಹೊಳಪಾಗಿದ್ದವು, ಗಟ್ಟಿಯಾಗಿ ಕಂಡವು. ಗಟ್ಟಿಯಾದದ್ದು ಒಳ್ಳೆಯದು ಅಂದುಕೊಂಡೆ. ಆ ಅಂಗಡಿಯವನು ಏನೂ ಕೇಳಲಿಲ್ಲ. ಅದು ನನಗೆ ಮರ್ಯಾದೆಯೆನಿಸಿತು.

ಆಗಸ್ಟಿನ ಒಂದು ಬೆಳಿಗ್ಗೆ, ಎಂಟು ಗಂಟೆಯ ಹೊತ್ತಿಗೆ, ಕಲ್ಲುಗೋಡೆಯ ಬುಡದಲ್ಲಿ ನರಿ ಕಂಡಿತು. ಬಾಯಲ್ಲಿ ಏನೋ ಇತ್ತು. ಗುರಿಯಿಟ್ಟು ಹೊಡೆದೆ. ನರಿ ಎಗರಿ ಬಿದ್ದು, ಎದ್ದು, ಹಿಂಗಾಲು ಎಳೆದುಕೊಂಡು ಓಡಿತು. ಅದರ ಜೊತೆಗೇ ಇನ್ನೊಂದು ಸದ್ದು, ತಂತಿ ಹರಿದಂಥ ಉದ್ದನೆಯ ಕೀರಲು, ಗೋಡೆಯಿಂದ ಮೇಲಕ್ಕೆ ಹೋಯಿತು. ಆಮೇಲೆ ಗೋಡೆಯಾಚೆಯಿಂದ ಒಡತಿಯ ಧ್ವನಿ. ಕೂಗಲ್ಲ, 'ಓ' ಎಂದಷ್ಟೇ.

ಓಡಿದೆ. ಆಕೆ ನೀರಿನ ತೊಟ್ಟಿಯ ಪಕ್ಕ ಹುಲ್ಲಿನ ಮೇಲೆ ಕುಳಿತಿದ್ದರು. ಗುಂಡು ನರಿಯ ತೊಡೆಯನ್ನು ತೂರಿ, ಹಾಗೇ ಇಡಿಯಾಗಿ ಹೊರಬಂದು, ಗೋಡೆಯ ತಲೆಗಲ್ಲಿಗೆ ಬಡಿದು ಅವರ ತಲೆಯ ಮೇಲೆ ಹಾದುಹೋಗಿತ್ತು. ಸಿಡಿದ ಕಲ್ಲಿನ ಚೂರು ಕಿವಿ ಸೀಳಿತ್ತು. ರಕ್ತ ಕತ್ತಿನಿಂದ ಸ್ವೆಟರಿಗೆ ಇಳಿಯುತ್ತಿತ್ತು. ಆಕೆ ನನ್ನನ್ನು ಬೈಯಲಿಲ್ಲ. ಕರ್ಚೀಫು ಕಿವಿಗೊತ್ತಿಕೊಂಡು, "ನಿನ್ನ ಮಾವನನ್ನು ಕರಿ," ಎಂದರು.

ಮಾವ ಅರ್ಧ ಗಂಟೆಯಲ್ಲಿ ಬಂದರು. ಮೊದಲು ಆಕೆಯ ಕಿವಿ ನೋಡಿ ಪಟ್ಟಿ ಕಟ್ಟಿದರು. ಆಮೇಲೆ ಗೋಡೆಯ ಕಲ್ಲಿನ ಮೇಲಿದ್ದ ತಾಮ್ರದ ಗೀರನ್ನು ಉಗುರಿನಿಂದ ಕೆರೆದು ನೋಡಿದರು. ನನ್ನ ಜೇಬಿನಲ್ಲಿದ್ದ ಗುಂಡಿನ ಪೊಟ್ಟಣ ಇಸಿದುಕೊಂಡು ಓದಿದರು. ರೈಫಲ್ಲು ಮತ್ತೆ ಹಾರದಂತೆ ಅದರ ಬೋಲ್ಟ್ ಕಳಚಿ ತಮ್ಮ ಕೋಟಿನೊಳಗೆ ಹಾಕಿಕೊಂಡರು. ಅವರು ಹೊಡೆಯುತ್ತಾರೆಂದೇ ನಾನು ನಿಂತಿದ್ದೆ. ಹೊಡೆದಿದ್ದರೆ ಹಗುರಾಗುತ್ತಿತ್ತು.

"ನರಿ ಎಲ್ಲೈತಿ?" ಎಂದರು.

"ಓಡಿಹೋಯ್ತು."

"ಗಾಯ ಮಾಡಿ ಬಿಟ್ಟಿ. ಹುಡುಕು."

ಆಕೆಯನ್ನು ನೆರೆಯವರ ಜೊತೆ ಡಾಕ್ಟರ ಬಳಿ ಕಳಿಸಿ ನಾವಿಬ್ಬರೂ ಹುಡುಕಿದೆವು. ಮುಳ್ಳುಪೊದೆಗಳ ಸಾಲಿನ ಕೆಳಗೆ ಹೊಟ್ಟೆಯ ಮೇಲೆ ತೆವಳಿದೆ. ಅವರು ಹಿಂದೆ ನಿಂತು ಒಂದೊಂದು ರಕ್ತದ ಹನಿಯನ್ನೂ ತೋರಿಸುತ್ತಿದ್ದರು, ಕೈ ನೀಡಲಿಲ್ಲ. ನನ್ನ ಮುಖ, ಮೊಣಕೈ ಹರಿದವು. ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ಬದುಕಿತ್ತು. ನನ್ನನ್ನೇ ನೋಡುತ್ತಿತ್ತು. ಅವರು ತಮ್ಮ ಸಣ್ಣ ರೈಫಲ್ಲನ್ನು ನನ್ನ ಕೈಗೆ ಕೊಟ್ಟು, ಹಿಂದೆ ಮಣ್ಣಿನ ದಿಬ್ಬವಿದೆಯೆಂದು ನೋಡಿ, "ಮುಗಸು," ಎಂದರು. ಮುಗಿಸಿದೆ.

ಆಮೇಲೆ ಯೂಟ್ ಎಂಬ ತಮ್ಮ ಪಿಕಪ್ ಗಾಡಿಯ ಬಾನೆಟ್ಟಿನ ಮೇಲೆ ತಮ್ಮ ಮೊಬೈಲ್ ಇಟ್ಟರು. "ಪೊಲೀಸರಿಗೆ ನೀ ಫೋನ್ ಮಾಡ್ತೀಯೊ, ನಾ ಮಾಡ್ಲೊ?"

"ಮಾವ, ಡಾಕ್ಟರ್ ಹತ್ರ ಹೋಗುವಾಗ ಆಕೆಯೇ ಕಂಪ್ಲೇಂಟ್ ಮಾಡಲ್ಲ ಅಂದ್ರು. ನನ್ನ ಸಿಟಿಜನ್‌ಶಿಪ್ ಅರ್ಜಿ ಹಾಕಿದೀನಿ. ನಾವು ಸಂಬಂಧಿಕರು."

"ಸಂಬಂಧ ಮನ್ಯಾಗ. ಇಲ್ಲಿ ನೀ ಒಬ್ಬಾಕಿ ತಲೀ ಮ್ಯಾಲೆ ಗುಂಡು ಹಾರಿಸಿದಾಂವ. ಮಾಡು."

ಮಾಡಿದೆ. ರೈಫಲ್ಲು, ಲೈಸೆನ್ಸು ಎರಡೂ ಹೋದವು. ಪೌರತ್ವದ ಅರ್ಜಿ ಒಂದು ವರ್ಷಕ್ಕೂ ಮಿಕ್ಕಿ ನಿಂತಿತು. ಪೊಲೀಸರು ಹೇಳಿಕೆ ಕೇಳಿದಾಗ ಮಾವ ಒಂದಕ್ಷರವನ್ನೂ ಮೆತ್ತಗೆ ಮಾಡದೆ ಬರೆದುಕೊಟ್ಟಿದ್ದರು. ನನ್ನ ಹೆಂಡತಿ ಮಾವನಿಗೆ ಫೋನ್ ಮಾಡಿ, "ನೀವು ಮಾಮಾನಾ, ಎನಿಮೀನಾ?" ಎಂದು ಅತ್ತು, ಮಾತು ಬಿಟ್ಟಳು. ದೀಪಾವಳಿಗೆ ಅವರು ಕಳಿಸಿದ ಕರದಂಟಿನ ಡಬ್ಬಿಯನ್ನು ಬಿಚ್ಚದೆ ತಿರುಗಿ ಕಳಿಸಿದೆವು. ಕೆಲಸವೊಂದು ಉಳಿಯಿತು. ಒಡತಿ ನನ್ನನ್ನು ತೆಗೆಯಲಿಲ್ಲ.

ಮರುವರ್ಷ ಚಳಿಗಾಲಕ್ಕೆ ಮುಂಚೆ ಲೈಸೆನ್ಸು, ರೈಫಲ್ಲು ವಾಪಸು ಬಂದ ದಿನ ಒಡತಿ ಒಂದೇ ಷರತ್ತು ಹಾಕಿದರು. "ಅವನು ಸರಿ ಅಂದರೆ ಮಾತ್ರ ನನ್ನ ನೆಲದಲ್ಲಿ ಬಂದೂಕು ಹಿಡಿ." ಅದನ್ನು ನುಂಗಿಕೊಂಡು ಟಾರ್ನೀಟ್‌ಗೆ ಹೋದೆ. ಮಾವ ಬಾಗಿಲಲ್ಲೇ ನಿಲ್ಲಿಸಿ, "ಭಾನುವಾರ ಏಳಕ್ಕ ಬಾ. ತಡ ಮಾಡಿದ್ರ ಗೇಟ್ ತೆಗ್ಯಂಗಿಲ್ಲ," ಎಂದು ಕದ ಹಾಕಿಕೊಂಡರು.

ಮೂರು ಭಾನುವಾರ ಅವರ ಪರಿಚಯದ ಒಂದು ಫಾರ್ಮಿನಲ್ಲಿ ಪಾಠ ನಡೆಯಿತು. ಹಳೆಯ ಟೆಲಿಫೋನ್ ಡೈರೆಕ್ಟರಿಗಳನ್ನು ನೀರಿನಲ್ಲಿ ನೆನೆಸಿ, ಕಟ್ಟುಕಟ್ಟಿ, ಮಣ್ಣಿನ ದಿಬ್ಬದ ಮುಂದೆ ಸಾಲಾಗಿ ಇಟ್ಟಿದ್ದರು. ಮೊದಲು ನನ್ನ ಹಳೆಯ ಗುಂಡನ್ನೇ ಹೊಡೆಸಿದರು. ಅದು ಕಟ್ಟಿನ ಈ ಕಡೆಯಿಂದ ಆ ಕಡೆಗೆ ಪೆನ್ಸಿಲ್ ತೂತು ಮಾಡಿ ಹೋಯಿತು. ಆಮೇಲೆ ಐವತ್ತು ಗ್ರೇನಿನ, ಮೊನೆಯಲ್ಲಿ ಪ್ಲಾಸ್ಟಿಕ್ ತುದಿಯಿದ್ದ, ತೆಳು ಹೊದಿಕೆಯ ಗುಂಡು. ಹೊರಗೆ ಏನೂ ಬರಲಿಲ್ಲ. ಕಟ್ಟು ಬಿಚ್ಚಿ ಹಾಳೆ ತಿರುವಿದರೆ ಒಳಗೆ ತೆಂಗಿನಕಾಯಿ ಗಾತ್ರದ ಗುಳಿ, ಅದರ ತುಂಬ ಸಾಸಿವೆಯಂಥ ಸೀಸದ ಚೂರು.

"ಕಂಡಿಯೇನು? ಗುಂಡು ನರಿಯೊಳಗ ಸಾಯಬೇಕು. ಹೊರಗ ಬಂದ್ರ ಅದು ನಿನ್ನ ಮಾತು ಕೇಳಂಗಿಲ್ಲ."

"ಇನ್ನೂ ಭಾರದ ಗುಂಡು ಹಾಕಿದರೆ ಗಾಳಿಗೆ ಕಡಿಮೆ ಸರಿಯುತ್ತಲ್ಲ?" ಎಂದು ಕೇಳಿದೆ.

"ಈ ಬ್ಯಾರಲಿನ ಒಳಗಿನ ಸುತ್ತು ನಿಧಾನ. ಭಾರದ್ದು ಹಾಕಿದ್ರ ಗುಂಡು ನೆಟ್ಟಗ ತಿರಗಂಗಿಲ್ಲ, ಹೊರಳತೈತಿ. ಪುಸ್ತಕದಾಗ ಇದ್ದಿಲ್ಲೇನ್ರಿ, ಅಳಿಯದೇವ್ರು?"

ಇತ್ತು. ನಾನು ಆ ಪುಟ ಹಾರಿಸಿದ್ದೆ. ಶೆಡ್ಡಿನ ಹತ್ತಿರದ ಮೊಲಗಳಿಗೆ ರಿಮ್‌ಫೈರ್ ಎಂಬ ಸಣ್ಣ ರೈಫಲ್ಲು, ಅದರಲ್ಲೂ ಸದ್ದಿಗಿಂತ ನಿಧಾನವಾಗಿ ಹೋಗುವ, ಮೊನೆ ತೂತಾದ ಗುಂಡು ಸಾಕೆಂದರು. ಯಾವ ಒಳ್ಳೆಯ ಗುಂಡಾದರೂ ಗುರಿ ತಪ್ಪಿ ಕಲ್ಲಿಗೆ ಬಡಿದರೆ ಕೆಟ್ಟದ್ದೇ, ಹಾಗಾಗಿ ನರಿಯ ಹಿಂದೆ ಮಣ್ಣು ಕಾಣುವವರೆಗೆ ಬೆರಳು ಟ್ರಿಗರಿನಿಂದ ಹೊರಗೇ ಇರಲಿ ಎಂದು ಒತ್ತಿ ಒತ್ತಿ ಹೇಳಿದರು. ಮೂರು ಭಾನುವಾರಗಳಲ್ಲಿ ಒಂದು ಒಳ್ಳೆಯ ಮಾತಾಡಲಿಲ್ಲ. ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು ಒಬ್ಬರೇ ಕುಡಿದರು. ಕೊನೆಗೆ ಒಡತಿಗೆ ಫೋನ್ ಮಾಡಿ, "ಈಗ ಪರವಾಗಿಲ್ಲ, ಮೂರ್ಖತನ ಕಡಿಮೆಯಾಗಿದೆ," ಎಂದು ನನ್ನೆದುರಿಗೇ ಇಂಗ್ಲಿಷಿನಲ್ಲಿ ಹೇಳಿದರು.

ಆ ಮೇಲಿನ ಮೂರು ಚಳಿಗಾಲ ನಾನು ಎಷ್ಟೋ ನರಿ ಹೊಡೆದೆ. ಒಂದೂ ಗಾಯಗೊಂಡು ಓಡಲಿಲ್ಲ. ಮಾವನಿಗೆ ಇದನ್ನು ಒಮ್ಮೆಯೂ ಹೇಳಲಿಲ್ಲ, ಅವರು ಕೇಳಲೂ ಇಲ್ಲ.

ಎರಡು ಸಾವಿರದ ಎಂಟರಲ್ಲಿ ಅವರ ಶ್ವಾಸಕೋಶ ಕೆಟ್ಟಿತು. ಮಗಳು ಸಿಡ್ನಿಯಲ್ಲಿ ನರ್ಸ್. ವೆಸ್ಟ್‌ಮೀಡ್ ಸ್ಟೇಷನ್ನಿನ ಪಕ್ಕದ ಬಾಡಿಗೆ ಫ್ಲ್ಯಾಟಿಗೆ ಅವರನ್ನು ಕರೆದೊಯ್ದಳು. ಹೆಂಡತಿ, "ಲಾಸ್ಟ್ ಟೈಮ್ ಅಂತ ಆದ್ರೂ ನೋಡ್ಕೊಂಡ್ ಬರೋಣ," ಎಂದಾಗ ಹೋದೆವು. ಮೂಗಿನಲ್ಲಿ ಆಕ್ಸಿಜನ್ ನಳಿಗೆ, ಕಿಟಕಿಯ ಪಕ್ಕದ ಕುರ್ಚಿ. ಮಾತು ಬಿಟ್ಟಿದ್ದ ಸೋದರಸೊಸೆಯನ್ನು ಹತ್ತಿರ ಕರೆದು ತಲೆ ಸವರಿದರು. ನನ್ನ ಕಡೆ ತಿರುಗಲಿಲ್ಲ.

ಅವಳು ಅಡುಗೆಮನೆಗೆ ಹೋದಾಗ ನಾನೇ ಕೇಳಿದೆ. "ಮಾವ, ನನ್ನ ಮೇಲೆ ಯಾಕಿಷ್ಟು ಸಿಟ್ಟು? ಆವತ್ತು ಆಡಿದ ಒಂದು ಮಾತಿಗಾ?"

ಉಸಿರು ಕೂಡಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. "ನಿನ್ನ ಕಂಡ್ರ ನನಗ ಆಗಂಗಿಲ್ಲ. ಮೊದ್ಲಿಂದನೂ ಆಗಂಗಿಲ್ಲ. ಹಂಗಂತ ನಿನ್ನ ಕೈಯಾಗ ಒಬ್ರು ಸಾಯ್ಲಿ ಅಂತ ಬಿಡಲಿಕ್ಕೆ ಬರತೈತೇನು?" ಎಂದು ಕಿಟಕಿಯ ಕಡೆ ಮುಖ ಮಾಡಿದರು.

ಅದೇ ಕೊನೆಯ ಮಾತು. ಎರಡು ವಾರಕ್ಕೆ ಹೋದರು.

ಸಿಡ್ನಿಯ ಚಿತಾಗಾರದಲ್ಲಿ ಮೂವತ್ತು ಜನ ಸೇರಿದ್ದರು. ಒಡತಿ ಮೆಲ್ಬರ್ನಿನಿಂದ ವಿಮಾನದಲ್ಲಿ ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಬಂದವರೆಲ್ಲ ಎದ್ದು ನಿಂತು ಮಾವ ಮೃದು ಸ್ವಭಾವದವರು, ಸದಾ ನಗುಮುಖದವರು ಎಂದೆಲ್ಲ ಹೇಳಿದರು. ನಾನು ಕೇಳುತ್ತ ಕುಳಿತಿದ್ದೆ, ಸಿಟ್ಟು ಬಂತು. ಆ ಮನುಷ್ಯ ಜೀವಮಾನವಿಡೀ ಒಬ್ಬರಿಗೂ ಸವಿಮಾತಿನ ಸುಳ್ಳು ಹೇಳಿದವರಲ್ಲ. ಮಗಳು, "ಭಾವ, ನೀವೂ ಎರಡು ಮಾತಾಡಿ," ಎಂದಳು. ಹೆಂಡತಿ ಬೇಡವೆಂಬಂತೆ ನನ್ನ ತೋಳು ಹಿಡಿದಳು. ನಾನು ಎದ್ದು ನಿಂತೆ.

"ಇವರಿಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ನನಗೂ ಇವರನ್ನು ಕಂಡರೆ ಆಗುತ್ತಿರಲಿಲ್ಲ," ಎಂದೆ. "ಇವರು ನನ್ನನ್ನು ಪೊಲೀಸರಿಗೆ ಒಪ್ಪಿಸಿದರು. ಸರಿಯಾದ ಕೆಲಸ ಮಾಡಿದರು. ನಾನು ಇವರಿಗೆ ಥ್ಯಾಂಕ್ಸ್ ಹೇಳಲಿಲ್ಲ."

ಇನ್ನೇನಾದರೂ ಒಳ್ಳೆಯದು ನೆನಪಾಗುತ್ತದೇನೋ ಎಂದು ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ. ನೆನಪಾಗಲಿಲ್ಲ. ಕುಳಿತುಕೊಂಡೆ.