ಅಪ್ಪನ ಬಂದೂಕಿಗೆ ಗಜ ಇಳಿಸಿದ ಬೆಳಗು

ನಾನು ಪಾಠ ಮಾಡುವ ಶಾಲೆಯ ಗಣಿತದ ಮೇಷ್ಟ್ರಿಗೆ ಗುರಿ ಹೊಡೆಯುವ ಹುಚ್ಚು. ರಜೆ ಸಿಕ್ಕರೆ ಕಲಬುರಗಿಯ ರೈಫಲ್ ಕ್ಲಬ್ಬಿಗೆ ಹೋಗುತ್ತಿದ್ದರು. ಈಚೆಗೆ ಅವರಿಗೂ ಅವರ ಗೆಳೆಯರಿಗೂ ಹೊಸ ರೈಫಲ್ಲುಗಳು ಸಪ್ಪೆಯಾಗಿದ್ದವು. ನಳಿಗೆಯ ಬಾಯಿಂದ ಮದ್ದು ಸುರಿದು, ಗಜವೆಂಬ ಉದ್ದನೆಯ ಕಡ್ಡಿಯಿಂದ ಜಡಿದು, ಒಂದೇ ಸಲ ಹೊಡೆಯುವ ಹಳೆಯ ಬಂದೂಕುಗಳನ್ನು ಹುಡುಕಿಕೊಂಡು ಊರೂರು ತಿರುಗುತ್ತಿದ್ದರು. "ಅಂಥದ್ದು ಸುರಪುರದ ನಮ್ಮ ಮನೆಯಲ್ಲೇ ಇದೆ" ಎಂದು ನಾನು ಬಾಯಿಬಿಟ್ಟೆ.

ಹೊಲಕ್ಕೆ ಬರುವ ಹಂದಿ ಓಡಿಸಲು ಅಜ್ಜ ಲೈಸೆನ್ಸ್ ಪಡೆದು ತಂದ ಬಂದೂಕು ಅದು. ಈಗ ಲೈಸೆನ್ಸ್ ಅಪ್ಪನ ಹೆಸರಿನಲ್ಲಿದೆ. ನವೀಕರಣದ ಅರ್ಜಿ ಬರೆಯುವವಳು ನಾನು. ನಮ್ಮ ವಂಶದಲ್ಲಿ ಬಿಎಸ್ಸಿ ಮುಗಿಸಿದವಳು ನಾನೊಬ್ಬಳೇ. ಅರ್ಧ ಫೀಸು ಹತ್ತಿ ಬಿಡಿಸಿ ಕಟ್ಟಿದ್ದೇನೆ. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಆ ಭಾನುವಾರ ಬೆಳಿಗ್ಗೆ ಮೇಷ್ಟ್ರು ಹೊಲಕ್ಕೆ ಬಂದರು. ಅಪ್ಪ ಬಂದೂಕು ಮುಟ್ಟದೆ ಆರೇಳು ವರ್ಷವಾಗಿತ್ತು. ಅತಿಥಿಯ ಮುಂದೆ ಹುರುಪಿನಲ್ಲಿ ಮದ್ದಿನ ಡಬ್ಬಿ ತೆಗೆದೇಬಿಟ್ಟರು.

"ಅಪ್ಪಾ, ತಡಿ. ಮೊದಲ ಗಜ ಇಳಿಸಿ ನೋಡು. ಒಳಗ ಏನರ ಇದ್ರ?"

"ಖಾಲಿ ಅದ. ಬಂದೂಕಿಂದು ನೀ ನನಗ ಹೇಳಾಕಿ ಆದೇನು? ಕಾಲೇಜಿನ್ಯಾಗ ಇದೂ ಕಲಿಸ್ಯಾರ?"

"ಅಳತಿ ಮಾಡೂದು ಕಲಿಸ್ಯಾರ. ಕೊಡಿಲ್ಲಿ."

ಅತಿಥಿಯಾದ ಮೇಷ್ಟ್ರು ನೆಲ ನೋಡುತ್ತ ನಿಂತರು. ನಾನು ಗಜವನ್ನು ನಳಿಗೆಯ ಹೊರಗಿಟ್ಟು ಅಳೆದೆ, ಎರಡೂ ಸರಿಸಮ. ಒಳಗೆ ಬಿಟ್ಟೆ. ಗೇಣುದ್ದ ಹೊರಗೇ ಉಳಿಯಿತು.

ತಳದಲ್ಲಿ ಏನೋ ತುಂಬಿಕೊಂಡಿತ್ತು. ಅದರ ಮೇಲೆ ಮದ್ದು ತುಂಬಿ ಹೊಡೆದಿದ್ದರೆ ನಳಿಗೆ ಸೀಳುತ್ತಿದ್ದದ್ದು ಅಪ್ಪನ ಕೆನ್ನೆಯ ಪಕ್ಕದಲ್ಲಿ.

"ಹಳೀ ಮದ್ದು ಇದ್ದೀತು. ಮುಟ್ಟಬ್ಯಾಡ್ರಿ ಕಾಕಾ" ಎಂದರು ಮೇಷ್ಟ್ರು.

ಬಂದೂಕನ್ನು ಕಲ್ಲಿಗೆ ಒರಗಿಸಿ ನಳಿಗೆಗೆ ನೀರು ಸುರಿದು ಬಹಳ ಹೊತ್ತು ಕಾದೆವು. ಅಪ್ಪ ದೂರ ಹೋಗಿ ಎರಡು ಬೀಡಿ ಸೇದಿದರು, ನನ್ನ ಕಡೆ ನೋಡಲಿಲ್ಲ. ಆಮೇಲೆ ಮೇಷ್ಟ್ರು ತಿರುಪಿನ ತುದಿಯ ಗಜ ಹಾಕಿ ಮೆಲ್ಲಗೆ ಎಳೆದರು. ಹೊರಬಂದದ್ದು ಅರಿಸಿನದ ಮುದ್ದೆ, ಅದರಲ್ಲಿ ಅಕ್ಕಿಕಾಳು.

ಅಷ್ಟರಲ್ಲಿ ಬುತ್ತಿ ತಂದ ಅವ್ವ ಬಗ್ಗಿ ನೋಡಿ, "ಅಯ್ಯ, ಅದು ನಾ ಹಾಕಿದ್ದು!" ಎಂದಳು. "ಮಾನಮಿಗಿ ಆಯುಧ ಪೂಜಾ ಮಾಡ್ದಾಗ ಅದರ ಬಾಯಾಗ ಭಂಡಾರ, ಅಕ್ಕಿ ಹಾಕ್ತೀನಿ."

"ಯಾಕ ಹಾಕ್ತಿ?" ಎಂದರು ಅಪ್ಪ.

"ಮೊದಲ ನೀವು ಮದ್ದು ಉಣಸ್ತಿದ್ರಿ. ಈಗ ಬಿಟ್ಟೀರಿ. ವರ್ಷಾನಗಟ್ಲೆ ಉಪಾಸ ಇಡೂದೇನು ಅದನ್ನ?"

ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. ಅಪ್ಪ ಬೈಯಲು ಬಾಯಿ ತೆರೆದವರು ತಾವೇ ನಕ್ಕುಬಿಟ್ಟರು. "ನಾ ಸತ್ತಿದ್ರ ಬಂದೂಕಿನ ಹೊಟ್ಟಿ ತುಂಬ್ತಿತ್ತು ನೋಡು!"

ಅಂದು ಹೊಡೆಯಲಿಲ್ಲ. ಬಂದೂಕು ರಿಪೇರಿಯವನು ನಳಿಗೆ ತೊಳೆದು, ಬಿರುಕಿಲ್ಲವೆಂದು ಹೇಳಿದ ಮೇಲೆ, ಎರಡು ವಾರ ಬಿಟ್ಟು ಮತ್ತೆ ಹೊಲಕ್ಕೆ ಹೋದೆವು. ಢಂ ಎಂದಿತು. ಬಿಳಿ ಹೊಗೆಯಲ್ಲಿ ಅಪ್ಪ ಕಾಣಲೇ ಇಲ್ಲ. ಮೊದಲು ಕೆಮ್ಮು ಕೇಳಿತು, ಆಮೇಲೆ, "ಸರ್, ಹೆಂಗಿತ್ರಿ?" ಎಂಬ ಜಂಬದ ಕೂಗು. ನಾನು ಬದುವಿನ ಮೇಲೆ ಕುಸಿದು ಕುಳಿತೆ. ಅಪ್ಪ ಎದುರಿಗೆ ಬಂದು ನಿಂತರು, ಮುಖಕ್ಕೆಲ್ಲ ಮಸಿ.

"ಯಾಕವ್ವ, ಹೆದರಿದೇನು?"

"ಹೂಂ" ಎಂದೆ. ಸುಳ್ಳು ಹೇಳುವಷ್ಟು ಉಸಿರು ಇನ್ನೂ ಬಂದಿರಲಿಲ್ಲ.