ಯಲ್ಲಪ್ಪನ ಅಂಗೈ ತಂಬಾಕು

ದಾಂಡೇಲಿ ಅಂಬೇವಾಡಿಯ ಯಲ್ಲಪ್ಪ ತನ್ನ ಕಥೆ ಹೇಳಲು ಕುಳಿತರೆ ಮೊದಲು ನಗುವವನು ತಾನೇ. ಧಾರವಾಡ ಕಡೆಯಿಂದ ಕೂಲಿಗೆಂದು ಬಂದು, ಕಾಗದದ ಕಾರ್ಖಾನೆಯಲ್ಲಿ ಕಾಯಂ ಆಗಿ, ಮೂವತ್ತು ವರ್ಷ ಹಾಳೆ ಕತ್ತರಿಸುವ ಯಂತ್ರದ ಮುಂದೆ ನಿಂತವನು. ಯೂನಿಯನ್ನಿನಲ್ಲಿ ಅವನಿಗೆ ಯಾವ ಹುದ್ದೆಯೂ ಇರಲಿಲ್ಲ. ಧರಣಿಯಲ್ಲಿ ಮುಂದಾಳುಗಳು ಭಾಷಣ ಮಾಡಿ ದಣಿದಾಗ ಘೋಷಣೆ ಕೂಗುವುದಷ್ಟೇ ಅವನ ಕೆಲಸ. ಅಷ್ಟಕ್ಕೇ, ತಾನಿಲ್ಲದಿದ್ದರೆ ಊರಲ್ಲಿ ಹೋರಾಟವೇ ಇಲ್ಲ ಎಂದು ಗಟ್ಟಿಯಾಗಿ ನಂಬಿಕೊಂಡಿದ್ದ.

ಕೊರೊನಾ ಬಂದ ಮೊದಲ ಮಳೆಗಾಲದಲ್ಲಿ ಊರಲ್ಲಿ ಇದ್ದದ್ದು ಎರಡೇ ಸುದ್ದಿ, ಒಂದು ಜ್ವರ, ಇನ್ನೊಂದು ಧರಣಿ. ಯಲ್ಲಪ್ಪನ ಹೆಂಡತಿ ಸತ್ತೆವ್ವ ಆಶಾ ಕಾರ್ಯಕರ್ತೆ. ಯಾರಿಗೆ ಜ್ವರ, ಯಾರು ಗೋವಾದಿಂದ ಬಂದರು ಎಂದು ಮನೆಮನೆಗೆ ಹೋಗಿ ಬರೆದುಕೊಳ್ಳುವುದು ಅವಳ ಪಾಲಿಗೆ ಬಂದಿತ್ತು. ಕೆಲವರು ಮುಖದ ಮೇಲೆ ಬಾಗಿಲು ಹಾಕಿದರು, ಒಬ್ಬನಂತೂ ನಾಯಿ ಬಿಟ್ಟ. ಗೌರವಧನ ಹೆಚ್ಚಿಸಬೇಕೆಂದು ರಾಜ್ಯದ ಆಶಾದವರೆಲ್ಲ ಮುಷ್ಕರ ಹೂಡಿದಾಗ ಸತ್ತೆವ್ವನೂ ಗುಲಾಬಿ ಸೀರೆ ಮಡಿಚಿ ಟ್ರಂಕಿನಲ್ಲಿಟ್ಟು, ತಹಸೀಲ್ದಾರ್ ಕಚೇರಿಯ ಮುಂದೆ ಕೂಡಲು ಹೊರಟಳು.

"ಮಧ್ಯಾಹ್ನ ರೊಟ್ಟಿ ಯಾರ ಬಡೀತಾರ?" ಎಂದ ಯಲ್ಲಪ್ಪ.

"ಮೂವತ್ತ ವರ್ಷ ನೀವು ಧರಣಿಗೆ ಹೋಗೂಮುಂದ ನಾ ಹಿಂಗ ಕೇಳೀನೇನ್ರಿ?"

"ಅದು ಕಾರ್ಮಿಕರ ಹೋರಾಟ."

"ಹಂಗಾರ ನಾ ಯಾರು?"

ಒಳಗೆ ಫೋನಿನಲ್ಲಿ ಕಾಲೇಜಿನ ಪಾಠ ಕೇಳುತ್ತಿದ್ದ ಮಗಳು ವಿದ್ಯಾವತಿ ಕಿಸಕ್ಕನೆ ನಕ್ಕಳು. ಸತ್ತೆವ್ವ ಗೇಟು ದಾಟಿದಳು. ಅವತ್ತು ಯಲ್ಲಪ್ಪ ತಾನೇ ಅನ್ನಕ್ಕಿಟ್ಟ. ಅದು ಗಂಜಿಯಾಯಿತು. ಗಂಜಿ ಆರೋಗ್ಯಕ್ಕೆ ಒಳ್ಳೆಯದೆಂದು ಮಗಳಿಗೆ ಉಪದೇಶ ಮಾಡಿ ಉಂಡ.

ಅದೇ ವಾರ ಕೆಲಸದ ತಾಸು ಹೆಚ್ಚಿಸುವ ಮಾತಿನ ವಿರುದ್ಧ ಕಾರ್ಮಿಕರ ಧರಣಿಯೂ ಇತ್ತು. ಪೊಲೀಸರು ರಸ್ತೆಯ ಮೇಲೆ ಸುಣ್ಣದಲ್ಲಿ ಗುಂಡಗೆ ಗೆರೆ ಎಳೆದು, ಒಂದು ಗೆರೆಯೊಳಗೆ ಒಬ್ಬನೇ ನಿಲ್ಲಬೇಕೆಂದಿದ್ದರು. ಎಲ್ಲರೂ ಮಾಸ್ಕು ಹಾಕಿ ಶಾಲೆಯ ಮಕ್ಕಳಂತೆ ನಿಂತರು. ಶಿಸ್ತು ಎಂದರೆ ಹೀಗಿರಬೇಕು ಎಂದು ಯಲ್ಲಪ್ಪನಿಗೆ ಹೆಮ್ಮೆ ಉಕ್ಕಿತು. ಘೋಷಣೆ ಮುಗಿದದ್ದೇ ಅವನು ಗೆರೆ ದಾಟಿ, ಮಾಸ್ಕು ಗದ್ದಕ್ಕೆ ಇಳಿಸಿ, ಚೀಲದಿಂದ ತಂಬಾಕು ತೆಗೆದು ಸುಣ್ಣ ಹಚ್ಚಿ ಅಂಗೈಯಲ್ಲಿ ತಿಕ್ಕಿದ. ಮೇಲೆರಡು ಪೆಟ್ಟು ಹೊಡೆದು ಧೂಳು ಹಾರಿಸಿ ಕೈ ಚಾಚಿದ. ತಿಕ್ಕಿದವನು ಮೊದಲು ಬೇರೆಯವರಿಗೆ ಕೊಡಬೇಕು, ಇಲ್ಲದಿದ್ದರೆ ಜಿಪುಣ ಅನ್ನುತ್ತಾರೆ. ಬಾಳೇಶ, ಜ್ಯೋತಿಬಾ, ಮೌನೇಶ, ಪರಸಪ್ಪ ಒಬ್ಬೊಬ್ಬರಾಗಿ ಬಂದು ಅದೇ ಅಂಗೈಯಿಂದ ಚಿಟಿಕೆ ಎತ್ತಿ ತುಟಿಯೊಳಗೆ ಇಟ್ಟುಕೊಂಡು, ಮತ್ತೆ ತಂತಮ್ಮ ಗೆರೆಯೊಳಗೆ ಹೋಗಿ ದೂರ ದೂರ ನಿಂತರು.

ಎರಡು ದಿನ ಕಳೆದ ಮೇಲೆ ಯಲ್ಲಪ್ಪನಿಗೆ ಮೈ ಬಿಸಿಯಾಯಿತು. ಮಳೆಯಲ್ಲಿ ನೆನೆದದ್ದು ಎಂದುಕೊಂಡ. ಚಹಾದಲ್ಲಿ ಶುಂಠಿಯ ವಾಸನೆ ಬರದಿದ್ದಾಗ ಇದು ಕೊರೊನಾವೇ ಎಂದು ಖಾತ್ರಿಯಾಯಿತು. ಗೊತ್ತಾದರೆ ಬಾಗಿಲಿಗೆ ಕೊರೊನಾ ಮನೆ ಎಂದು ಕಾಗದ ಹಚ್ಚುತ್ತಾರೆ, ಓಣಿಯವರು ಕಿಟಕಿಯಲ್ಲಿ ನಿಂತು ನೋಡುತ್ತಾರೆ, ಇಷ್ಟು ವರ್ಷ ಕಟ್ಟಿಕೊಂಡ ಹೆಸರು ಮಣ್ಣುಪಾಲು. ಆಗಲೇ ಅವನಿಗೆ ಹೊಳೆಯಿತು, ಆಶಾದವರು ಮುಷ್ಕರದಲ್ಲಿದ್ದಾರೆ, ಯಾರ ಜ್ವರವನ್ನೂ ಬರೆದುಕೊಳ್ಳುವುದಿಲ್ಲ. ಆ ಕ್ಷಣದಿಂದ ಹೆಂಡತಿಯ ಹೋರಾಟಕ್ಕೆ ಅವನಷ್ಟು ದೊಡ್ಡ ಬೆಂಬಲಿಗ ಜಿಲ್ಲೆಯಲ್ಲಿಯೇ ಇರಲಿಲ್ಲ.

"ಬೇಡಿಕಿ ಈಡೇರೂತನಕ ಬಿಡಬ್ಯಾಡ್ರಿ. ಒಂದ ಕಾಗದಾನೂ ತುಂಬಬ್ಯಾಡ್ರಿ," ಎಂದ, ಕೆಮ್ಮು ನುಂಗಿಕೊಂಡು.

ಸತ್ತೆವ್ವ ಅವನನ್ನೇ ನೋಡಿದಳು.

ಹೀಗೆ ಎರಡು ದಿನ ದೂಡಿದ. ಪರಸಪ್ಪ ಕೆಲಸಕ್ಕೆ ಬಂದಿಲ್ಲವೆಂಬ ಸುದ್ದಿ ಕಿವಿಗೆ ಬಿತ್ತು. ಇವನ ಯಂತ್ರದ ಆಚೆ ಬದಿಗೆ ಇಪ್ಪತ್ತು ವರ್ಷ ನಿಂತ ಗೆಳೆಯ ಅವನು, ಮೈಯಲ್ಲಿ ಶುಗರ್ ಬೇರೆ. ತನ್ನ ಜ್ವರದ ಸಂಗತಿ ಸತ್ತೆವ್ವನಿಗೆ ಹೇಳಬೇಕು ಎಂದು ಯಲ್ಲಪ್ಪನಿಗೆ ಅನ್ನಿಸಿತು. ನಾಳೆ ಹೇಳಿದರಾಯಿತು ಎಂದೂ ಅನ್ನಿಸಿತು. ಎರಡನೆಯ ರಾತ್ರಿ ಊಟಕ್ಕೆ ಸತ್ತೆವ್ವ ಬೆಳ್ಳುಳ್ಳಿ ಹಾಕಿ ಅರೆದ ಕೆಂಪು ಖಾರವನ್ನು ತಾಟಿನ ತುಂಬ ಬಡಿಸಿದಳು. ಅವನು ಕಣ್ಣಲ್ಲಿ ಒಂದು ಹನಿ ನೀರಿಲ್ಲದೆ ಪೂರಾ ಉಂಡ.

"ಎಷ್ಟ ದಿನಾತು?" ಎಂದಳು ಅವಳು, ಮೂಗಿಗೆ ಸೆರಗು ಹಿಡಿದು ಹಿಂದೆ ಸರಿದು.

"ಎರಡ ದಿನ. ಆದರ ನಾವು ದೂರ ದೂರ ನಿಂತಿದ್ವಿ, ಬೇಕಾರ ಪೊಲೀಸರನ್ನ ಕೇಳು."

"ತಂಬಾಕ?"

ಯಲ್ಲಪ್ಪ ತನ್ನ ಅಂಗೈ ನೋಡಿಕೊಂಡ. ಆಮೇಲೆ ಒಂದೊಂದೇ ಹೆಸರು ಹೊರಗೆ ಬಂತು. ಪರಸಪ್ಪನ ಹೆಸರು ಕಡೆಗೆ ಬಂತು. ಅದನ್ನು ಕೇಳಿದ್ದೇ ಸತ್ತೆವ್ವ ಎದ್ದು ಎರಡು ಮಾಸ್ಕು ಹಾಕಿಕೊಂಡು, ಬೆರಳಿಗೆ ಹಾಕಿ ಆಕ್ಸಿಜನ್ ನೋಡುವ ಯಂತ್ರ ತೆಗೆದುಕೊಂಡಳು.

"ಮುಷ್ಕರ ಮುರದಂಗ ಆಗೂದಿಲ್ಲೇನು?" ಎಂದ ಯಲ್ಲಪ್ಪ. ಅಂಜುಬುರುಕನ ಕೊನೆಯ ವಾದ ಅದು ಎಂದು ಈಗ ಅವನೇ ಹೇಳುತ್ತಾನೆ.

"ಮುಷ್ಕರ ಸರ್ಕಾರದ ಕೂಡ ಐತ್ರಿ. ಪರಸಪ್ಪಣ್ಣನ ಕೂಡ ಇಲ್ಲ."

ಪರಸಪ್ಪನ ಹೊಸ್ತಿಲ ಮೇಲೆ ಯಂತ್ರವಿಟ್ಟು ಅವಳು ದೂರ ನಿಂತಳು. ಒಳಗಿನಿಂದ ಅವನ ಹೆಂಡತಿ ತಾಯವ್ವ ಎಂಬತ್ತನಾಲ್ಕು ಎಂದು ಓದಿದಳು. ಅದೇ ರಾತ್ರಿ ಆಂಬುಲೆನ್ಸ್ ಪರಸಪ್ಪನನ್ನು ಕಾರವಾರಕ್ಕೆ ಒಯ್ಯಿತು.

ಮರುದಿನ ಯಲ್ಲಪ್ಪನ ಬಾಗಿಲಿಗೆ ಕಾಗದ ಬಿತ್ತು. ಓಣಿಯವರು ನೋಡಿದರು. ಹೆಸರು ಮಣ್ಣುಪಾಲಾಯಿತೋ ಇಲ್ಲವೋ, ವಿಚಾರಿಸಲು ಯಾರಿಗೂ ಪುರಸೊತ್ತಿರಲಿಲ್ಲ. ಸತ್ತೆವ್ವ ಮನೆಯ ಹಿತ್ತಲ ಕಟ್ಟೆಯ ಮೇಲೆ ಕುಳಿತು ಫೋನಿನಲ್ಲಿಯೇ ಮುಷ್ಕರ ಮುಂದುವರಿಸಿದಳು. ಯಲ್ಲಪ್ಪನ ಜ್ವರ ನಾಲ್ಕು ದಿನಕ್ಕೆ ಇಳಿಯಿತು. ಜ್ವರ ಕೂಡ ತನ್ನನ್ನು ದೊಡ್ಡ ಮನುಷ್ಯ ಎಂದು ಎಣಿಸಲಿಲ್ಲ ಎನ್ನುತ್ತಾನೆ. ಆದರೆ ಕೋಣೆಯಲ್ಲಿ ಒಬ್ಬನೇ ಬಿದ್ದುಕೊಂಡಾಗ ತಲೆಯಲ್ಲಿ ಇದ್ದದ್ದು ಪರಸಪ್ಪ ಒಬ್ಬನೇ. ಅವನು ಹೋದರೆ ಕೊಂದವನು ತಾನೇ ಎಂದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು.

ಒಂಬತ್ತನೆಯ ದಿನ ತಾಯವ್ವನ ಫೋನು ಬಂತು.

"ಅಣ್ಣಾರ, ಇವರು ಪಾರಾದ್ರು. ಇವತ್ತ ಆಕ್ಸಿಜನ್ ತಗದಾರ. ನೀವು ಹೆಸರ ಹೇಳಿದ್ದಕ್ಕ ಜೀವ ಉಳೀತು ನೋಡ್ರಿ."

ಹೊಗಳಿಕೆ ಬಂದರೆ ಎರಡೂ ಕೈಯಿಂದ ತೆಗೆದುಕೊಳ್ಳುವ ಮನುಷ್ಯ ಅವನು. ಅವತ್ತು ಆಗಲಿಲ್ಲ.

"ತಾಯವ್ವಾ, ನಾ ಎರಡ ದಿನ ಸುಮ್ಮನ ಕುಂತಿದ್ನಿ. ಓಣ್ಯಾಗ ಹೆಸರ ಕೆಡತೈತಿ ಅಂತ ಹೆದರಿದ್ನಿ."

ತಾಯವ್ವ ದನಿ ತಗ್ಗಿಸಿದಳು.

"ಇವರೂ ಎರಡ ದಿನ ಸುಮ್ಮನ ಮಕ್ಕೊಂಡಿದ್ರು ಅಣ್ಣಾರ. ದವಾಖಾನಿಗೆ ಹೋಗೂಣು ಅಂದ್ರ ಒಲ್ಲೆ ಅಂದ್ರು. ಯಾರ ಕೂಡ ಇದ್ದಿ ಅಂತ ಕೇಳ್ತಾರ, ಯಲ್ಲಪ್ಪನ ಹೆಸರ ಹೇಳಬೇಕಾಗತೈತಿ, ಅವನ ಬಾಗಲಕ್ಕ ಕಾಗದ ಹಚ್ಚತಾರ, ಬ್ಯಾಡ ಅಂದ್ರು."

ಯಲ್ಲಪ್ಪ ಫೋನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಗೋಡೆಯ ಕಡೆ ತಿರುಗಿ ಕುಳಿತು ಅತ್ತ. ಬಾಗಿಲಾಚೆಯಿಂದ ಸತ್ತೆವ್ವ ಏನಾಯಿತೆಂದು ಕೇಳಿದಳು. ಪರಸಪ್ಪ ಪಾರಾದ ಎಂದಷ್ಟೇ ಹೇಳಿದ. ಮಿಕ್ಕದ್ದನ್ನು ಅವಳಿಗೆ ಹೇಳಲು ಅವನಿಗೆ ಇನ್ನೂ ಎರಡು ದಿನ ಬೇಕಾಯಿತು.