ಮೂರು ಹೊಲಿಗೆಯ ಹಕ್ಕು

ಬೆಳಗಿನ ಆರು ಗಂಟೆ. ಹೂವಿನ ಹಿಪ್ಪರಗಿಯ ಗುರವ್ವನವರ ಮಾಳಿಗೆಯ ಮೇಲೆ ಭಾಗ್ಯಜ್ಯೋತಿ ಹಳೆಯ ಬಿಳಿ ಅರಿವೆಗಳನ್ನು ಒಂದೊಂದಾಗಿ ಹಾಸುತ್ತಿದ್ದಾರೆ. ಗಾಳಿಗೆ ಹಾರದಂತೆ ಮೂಲೆಗೊಂದು ಕಲ್ಲು. ಪ್ರತಿ ಅರಿವೆಯ ತುದಿಯಲ್ಲಿ ಮೂರು ಕೆಂಪು ಹೊಲಿಗೆ. ಬಗ್ಗಿ ಅದರ ಫೋಟೊ ತೆಗೆಯುತ್ತಾರೆ, ನೋಡುತ್ತಾರೆ, ಸಮಾಧಾನವಾಗದೆ ಮತ್ತೆ ತೆಗೆಯುತ್ತಾರೆ. ಹಿಂದೆ ಕಳಿಸಿದ ಫೋಟೊಗಳಲ್ಲಿ ದಾರ ಸರಿಯಾಗಿ ಕಂಡಿಲ್ಲವೇನೋ ಎಂಬ ಅಂಜಿಕೆ. ಇವತ್ತು ಹನ್ನೊಂದು ಗಂಟೆಗೆ ಈ ಗುರುತಿನ ನೋಂದಣಿಯ ವಿಚಾರಣೆ. ಕೆಳಗೆ ಗುರವ್ವ ರೊಟ್ಟಿ ಬಡಿಯುವ ಸದ್ದು ಮಾತ್ರ ದಿನದಂತೆಯೇ ಇದೆ.

ಭಾಗ್ಯಜ್ಯೋತಿಗೆ ಇಪ್ಪತ್ತೊಂಬತ್ತು ವರ್ಷ, ಊರು ಮಸೂತಿ. ಬಸವನ ಬಾಗೇವಾಡಿಯ ಒಂದು ಝೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಕೆಲಸ. ಬಿ.ಕಾಂ. ಮುಗಿಸಿ, ಈಗ ದೂರಶಿಕ್ಷಣದಲ್ಲಿ ಟ್ರೇಡ್ ಮಾರ್ಕ್ ನೋಂದಣಿಯ ಸ್ನಾತಕೋತ್ತರ ಡಿಪ್ಲೊಮಾ ಓದುತ್ತಿದ್ದಾರೆ. ಓದುವುದೆಲ್ಲ ಬಸ್ಸಿನಲ್ಲೇ. ಅದೇನು ಓದು ಎಂದು ಮನೆಯವರು ಕೇಳಿದರೆ, ಹೆಸರು ಕಾಯುವ ಓದು ಎನ್ನುತ್ತಾರಂತೆ.

ಇಂಡಿಯ ನಿಂಬೆ ಉಪ್ಪಿನಕಾಯಿ, ಸಿಂದಗಿಯ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಮುದ್ದೇಬಿಹಾಳದ ಮಸಾಲೆ ಖಾರ: ನಾಲ್ಕು ವರ್ಷಗಳಲ್ಲಿ ಇಂಥ ಅರವತ್ತನಾಲ್ಕು ಅರ್ಜಿಗಳು ಅವರ ಬೆರಳ ತುದಿಯಿಂದ ಹೋಗಿವೆ. ಎಲ್ಲವೂ ಮಾಲೀಕರ ಹೆಸರಿನಲ್ಲೇ. ಇನ್ನೊಬ್ಬರ ಪರವಾಗಿ ವಿಚಾರಣೆಯಲ್ಲಿ ಮಾತಾಡಬೇಕಾದರೆ ವಕೀಲರಾಗಿರಬೇಕು, ಇಲ್ಲವೇ ಪರೀಕ್ಷೆ ಪಾಸಾಗಿ ಟ್ರೇಡ್ ಮಾರ್ಕ್ ಏಜೆಂಟರ ಪಟ್ಟಿಯಲ್ಲಿ ಹೆಸರಿರಬೇಕು. ಆ ಪರೀಕ್ಷೆ ಯಾವಾಗ ಕರೆಯುತ್ತಾರೋ ಗೊತ್ತಿಲ್ಲ. ದಿನಾ ಅಂಗಡಿ ತೆರೆದ ಕೂಡಲೇ ಮೊದಲು ನೋಡುವುದು ಆ ಪ್ರಕಟಣೆಯನ್ನೇ. ಅವರ ಬಗ್ಗೆ ಬರೆಯಲೆಂದು ನಾನು ಹೋಗಿದ್ದ ದಿನವೂ ನೋಡಿದರು. ಬಂದಿರಲಿಲ್ಲ.

ಗುರವ್ವನ ಕತೆ ಬೇರೆ. ಹದಿನೆಂಟು ವರ್ಷಗಳಿಂದ ರೊಟ್ಟಿಯನ್ನು ಅರಿವೆಯಲ್ಲಿ ಕಟ್ಟಿಕೊಡುತ್ತಾರೆ. ಗಿರಾಕಿ ಮುಂದಿನ ಸಲ ಬರುವಾಗ ಅರಿವೆ ತಂದು ಒಪ್ಪಿಸಬೇಕು. ಓದು ಬಾರದ ಗುರವ್ವ ತಮ್ಮ ಅರಿವೆಯ ಗುರುತಿಗೆ ಹಾಕಿದ್ದು ಮೂರು ಹೊಲಿಗೆ. ಸುತ್ತಲ ಊರಿನವರಿಗೆ ಅದು ‘ಮೂರು ಹೊಲಿಗಿ ರೊಟ್ಟಿ’. ಪಟ್ಟಣದ ದೊಡ್ಡ ಅಂಗಡಿಯೊಂದು ನೋಂದಾಯಿಸಿದ ಗುರುತು ಇದ್ದರೆ ಮಾಲು ಇಡುತ್ತೇವೆ ಎಂದಾಗ ಗುರವ್ವ ಭಾಗ್ಯಜ್ಯೋತಿಯ ಹತ್ತಿರ ಬಂದರು.

ಅಲ್ಲೇ ಎಡವಟ್ಟಾಯಿತು. ಗುರುತನ್ನು ಯಾವಾಗಿನಿಂದ ಬಳಸುತ್ತಿದ್ದೀರಿ ಎಂದು ಅರ್ಜಿ ಕೇಳುತ್ತದೆ. ತೋರಿಸಲು ಒಂದು ಬಿಲ್ಲೂ ಇಲ್ಲ. ಸುಮ್ಮನೆ ತಂಟೆ ಯಾಕೆಂದು ಭಾಗ್ಯಜ್ಯೋತಿ ‘ಇನ್ನು ಮುಂದೆ ಬಳಸಲಿದ್ದೇವೆ’ ಎಂದು ತುಂಬಿಬಿಟ್ಟರು. ಕೆಲವು ತಿಂಗಳಲ್ಲೇ ಆಕ್ಷೇಪಣೆ ಬಂತು: ಮೂರು ಕೆಂಪು ಗೆರೆಯ ಗುರುತಿಗೆ ಬೇರೊಂದು ಕಂಪನಿ ಮೊದಲೇ ಅರ್ಜಿ ಹಾಕಿದೆ, ಮೂರು ವರ್ಷದಿಂದ ಬಳಸುತ್ತಿದೆ. ಹದಿನೆಂಟು ವರ್ಷ ಹಾಕಿದ ಹೊಲಿಗೆಯನ್ನು ಗುರವ್ವ ಬಿಚ್ಚಬೇಕಾದ ಹೊತ್ತು.

“ನಾಕ ದಿನಾ ಊಟಾ ಸೇರಲಿಲ್ರಿ,” ಎನ್ನುತ್ತಾರೆ ಭಾಗ್ಯಜ್ಯೋತಿ. “ಮೊದಲ ಬಳಸಿದವರ ಹಕ್ಕು ದೊಡ್ಡದು ಅಂತ ಬಾಯಿಪಾಠ ಮಾಡಾಕಿ ನಾನ. ಬರಿಯೂ ಮುಂದ ಅದನ್ನ ಮರತೆ.”

ಈ ಸಲ ಹದಿನೆಂಟು ವರ್ಷದ ಬಳಕೆಯನ್ನು ನಮೂದಿಸಿ ಹೊಸ ಅರ್ಜಿ ಹಾಕಿದರು. ಪುರಾವೆಗಾಗಿ, ಅರಿವೆ ಹಿಂತಿರುಗಿಸದ ಗಿರಾಕಿಗಳನ್ನು ಹುಡುಕಿ ರವಿವಾರಕ್ಕೊಂದು ಊರು ಸುತ್ತಿದರು. ನಲವತ್ತೊಂದು ಅರಿವೆ ಸಿಕ್ಕವು. ಆದರೆ ಯಾವುದರ ಮೇಲೂ ತಾರೀಖಿಲ್ಲ. ಕೊನೆಗೆ ಮುದ್ದೇಬಿಹಾಳದಲ್ಲಿ, ಹಾಸ್ಟೆಲಿನ ಅಡುಗೆ ಕೆಲಸದಿಂದ ನಿವೃತ್ತರಾದ ಇಬ್ರಾಹಿಂಸಾಬರು ಟ್ರಂಕಿನಿಂದ ಒಂದನ್ನು ತೆಗೆದರು. ಹಾಸಿಗೆ ಹೊದಿಕೆಗಳ ಜೊತೆ ಅದಕ್ಕೂ ಯಾರೋ ಹಾಸ್ಟೆಲಿನ ಮೊಹರು ಒತ್ತಿಬಿಟ್ಟಿದ್ದರು. ಮೊಹರಿನೊಳಗೆ ವರ್ಷ: 2011. ತಿರುಗಿ ಕೊಡಲಿಲ್ಲವೆಂದು ಗುರವ್ವ ಅಷ್ಟು ವರ್ಷ ಬೈದ ಅರಿವೆಯೇ ಅವರ ಸಾಕ್ಷಿಯಾಯಿತು.

ಹನ್ನೊಂದು ಗಂಟೆ. ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ, ವಿಡಿಯೊ ಮೂಲಕ, ಟ್ರೇಡ್ ಮಾರ್ಕ್ ಕಚೇರಿಯ ಅಧಿಕಾರಿ ಹಿಂದಿಯಲ್ಲಿ ಕೇಳುತ್ತಾರೆ. ಗುರವ್ವನಿಗೆ ಹಿಂದಿ ಬಾರದು. ಭಾಗ್ಯಜ್ಯೋತಿ ಅನುಮತಿ ಕೇಳಿ ದುಭಾಷಿಯಾಗುತ್ತಾರೆ. ಗುರವ್ವ ಅಂದಷ್ಟನ್ನೇ ಹೇಳಬೇಕು, ಸ್ವಂತದ್ದು ಒಂದು ಮಾತೂ ಸೇರಿಸುವಂತಿಲ್ಲ. ಎರಡು ವರ್ಷ ಓದಿದ್ದೆಲ್ಲ ನಾಲಗೆಯ ತುದಿಗೆ ಬಂದು ನಿಂತಿರುವುದು ಮುಖದಲ್ಲೇ ಕಾಣುತ್ತದೆ. ಪಕ್ಕದಲ್ಲಿ ಕೂತ ನನಗೇ ನೋಡಲಾಗಲಿಲ್ಲ.

“ನನಗ ಹೆಸರು ಬರಿಯಾಕ ಬರೂದಿಲ್ರಿ, ಅದಕ್ಕ ಹೊಲದೇನಿ,” ಎನ್ನುತ್ತಾರೆ ಗುರವ್ವ. “ಈ ಮೂರು ಹೊಲಿಗಿ ಅಂದ್ರ ನಾನರಿ.”

ಅಧಿಕಾರಿ ಮೊಹರಿನ ಅರಿವೆಯನ್ನು ಹತ್ತಿರ ಹಿಡಿಯಲು ಹೇಳಿ ನೋಡುತ್ತಾರೆ. ಮೊದಲ ಅರ್ಜಿಯಲ್ಲಿ ಬೇರೆ ಬರೆದದ್ದೇಕೆ ಎಂದೂ ಕೇಳುತ್ತಾರೆ. ಭಾಗ್ಯಜ್ಯೋತಿ ಪ್ರಶ್ನೆಯನ್ನು ಕನ್ನಡಕ್ಕೆ ತಂದು ತಲೆ ತಗ್ಗಿಸುತ್ತಾರೆ. ಗುರವ್ವ ಒಮ್ಮೆ ಅವರತ್ತ ನೋಡಿ, ತಿರುಗಿ ಪರದೆಗೆ ಹೇಳುತ್ತಾರೆ: “ತಪ್ಪು ನಂದರಿ. ಬಿಲ್ ಇಲ್ಲ ಅಂದ್ರ ಹಳೇ ವರ್ಷ ಬರಸಾಕ ಬರೂದಿಲ್ಲ ಅನ್ಕೊಂಡಿದ್ನಿ.” ಅದನ್ನೂ ಭಾಗ್ಯಜ್ಯೋತಿಯೇ ಹಿಂದಿಗೆ ತರಬೇಕು. ಒಂದು ಮಾತೂ ಬಿಡದೆ ತಂದರು.

ಆದೇಶ ಆಮೇಲೆ ಬರುತ್ತದೆ. ಗುರವ್ವ ಮಧ್ಯಾಹ್ನದ ಬಸ್ಸಿಗೆ ಹೋದರು; ಒಲೆ ಆರಿಸಿ ಬಂದಿದ್ದರು. ಭಾಗ್ಯಜ್ಯೋತಿ ಮೊಹರಿನ ಅರಿವೆಯನ್ನು ಮಡಚಿಟ್ಟರು. ಏನು ಆಸೆ ಎಂದು ಕೇಳಿದೆ.

“ಪರೀಕ್ಷಾ ಕರೀಲಿರಿ, ಸಾಕು. ಇನ್ನೊಮ್ಮಿ ಇಂಥಾದ್ದು ಬಂದ್ರ, ತಪ್ಪು ಗುರವ್ವಾಯಿದಲ್ರಿ, ನಂದು ಅಂತ ನನ್ನ ಬಾಯಿಲೇ ಹೇಳಬೇಕು. ಅಷ್ಟು ಹೇಳಾಕರ ಆ ಪಟ್ಟಿಯೊಳಗ ನನ್ನ ಹೆಸರು ಬರಬೇಕ್ರಿ.”